ನಮ್ಮ ಬೀದಿಯ ಗರಡಿ

ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವುದು ಪ್ರಯಾಣವೆಂಬ ದೊಡ್ಡ ಹೆಸರಿಗೆ ತಕ್ಕುದಲ್ಲ. ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರುಗಳ ದಾರಿ. ಕಪಿಲೆಯನ್ನು ದಾಟುವಾಗ ೧೭೩೫ರಲ್ಲಿ ಕಟ್ಟಿದ ಹಳೆಯ ಕಲ್ಲಿನ ಸೇತುವೆಯು ಕಣ್ಣಿಗೆ ಬೀಳುತ್ತದೆ. ನಮ್ಮ ಬಾಲ್ಯದಲ್ಲಿ ರೈಲೂ ಬಂಡಿಗಳೂ ಅದರ ಮೇಲೆಯೇ ಸಾಗುತ್ತಿದ್ದುವು. ಹೊಸ ಸೇತುವೆಗಳು ಬಂದಮೇಲೆ ಅದು ವಿಶ್ರಾಂತಿವೇತನ ಪಡೆಯುವ ಮೇಷ್ಟ್ರಂತೆ ಸುಮ್ಮನೆ ನಿಂತಿದೆ. ತಾಂಡವಪುರ, ಕಡಕೊಳಗಳು ಹಿಂದಕ್ಕೆ ಸರಿಯುವಷ್ಟರಲ್ಲಿ ಬಲಗಡೆಗೆ ಚಾಮುಂಡಿಬೆಟ್ಟವು ಎದ್ದು ನಿಲ್ಲುತ್ತದೆ. ಆಮೇಲೆ ಅಶೋಕಪುರಂ, ಅದರಾಚೆ ಚಾಮರಾಜಪುರಂ. ಅಲ್ಲಿ ಇಳಿದು ಪೂರ್ವಾಭಿಮುಖವಾಗಿ ನಡೆದರೆ ಅಗ್ರಹಾರದ ಕಡೆಯ ಬೀದಿಗಳು. ಅವುಗಳಲ್ಲೊಂದು ನಾನು ಹುಟ್ಟಿ ಬೆಳೆದ ಬೀದಿ.

ಇಷ್ಟು ಅಲ್ಪವಾದ ದಾರಿಯನ್ನು ಕ್ರಮಿಸುವುದಕ್ಕೆ ನನಗೆ ಇಪ್ಪತ್ತೇಳು ವರ್ಷಗಳು ಬೇಕಾದುವು ಎಂದರೆ ವಾಚಕರು ನಗಬಹುದು. ಮೈಸೂರಿಗೆ ನಾನು ನೂರಾರು ಸಲ ಹೋಗಿ ಬಂದಿದ್ದೇನೆ. ಮದುವೆಗೆ ಹೋಗಿದ್ದೇನೆ, ಪುಸ್ತಕಕ್ಕೆ ಹೋಗಿದ್ದೇನೆ, ಕಣ್ಣಿನ ಪೊರೆ ತೆಗೆಯಿಸಿಕೊಳ್ಳಲೂ ಹೋಗಿದ್ದೇನೆ. ಆದರೆ ಆ ಒಂದು ಬೀದಿಗೆ ಮಾತ್ರ ೧೯೯೮ರಿಂದೀಚೆಗೆ ಕಾಲಿಟ್ಟಿರಲಿಲ್ಲ. ಅದಕ್ಕೆ ಕಾರಣವುಂಟು, ಮುಂದೆ ಹೇಳುವೆನು. ಕಳೆದ ಶರನ್ನವರಾತ್ರಿಯಲ್ಲಿ ಅಲ್ಲಿಗೆ ನನ್ನನ್ನು ಕರೆದೊಯ್ದವಳು ಒಂಬತ್ತು ವರ್ಷದ ಮೊಮ್ಮಗಳು. ದಸರಾ ರಜೆಗೆಂದು ಬಂದಿದ್ದವಳು ಪತ್ರಿಕೆಯಲ್ಲಿ ದಸರಾ ಕುಸ್ತಿಯ ಸುದ್ದಿಯನ್ನು ಓದಿ, “ತಾತ, ಗರಡಿ ಅಂದರೇನು?” ಎಂದು ಕೇಳಿದಳು. ಪಾಠ ಹೇಳುವ ಅಭ್ಯಾಸ ಬಿಡದ ನಾನು ಉತ್ತರಕ್ಕೆ ತೊಡಗಿ, ಅರ್ಧಘಂಟೆಯ ಮೇಲೆಯೂ ಅದು ಮುಗಿಯಲಿಲ್ಲವೆಂದು ಕಂಡು, “ನಡೆ, ತೋರಿಸುತ್ತೇನೆ” ಎಂದುಬಿಟ್ಟೆನು. ಅಂದ ಮೇಲೆ ಹಿಂದೆಗೆಯುವಂತಿರಲಿಲ್ಲ.

ನಾನು ಹೇಳುವುದು ೧೯೭೫ನೆಯ ಇಸವಿಯ ಮಾತು. ನನಗೆ ಆಗ್ಗೆ ಹನ್ನೊಂದು ವರ್ಷ. ನಮ್ಮ ತಂದೆಯವರು ವ್ಯಾಕರಣ ಪಾಠ ಹೇಳುತ್ತಿದ್ದ ಪಂಡಿತರು. ಮನೆಯಲ್ಲಿ ಹಣಕ್ಕಿಂತ ಪುಸ್ತಕ ಹೆಚ್ಚು, ಪುಸ್ತಕಕ್ಕಿಂತ ನಿಯಮ ಹೆಚ್ಚು. ಮೈಸೂರಿನ ಅಗ್ರಹಾರದಿಂದ ೧೯೭೦ರಲ್ಲಿ ಹೊರಡಲು ಆರಂಭವಾಗಿದ್ದ ‘ಸುಧರ್ಮಾ’ ಎಂಬ ಸಂಸ್ಕೃತ ದಿನಪತ್ರಿಕೆಯು ನಮ್ಮ ಮನೆಗೆ ಬರುತ್ತಿದ್ದಿತು. ಬೆಳಗ್ಗೆ ಏಳಕ್ಕೆ ಐದು ನಿಮಿಷವಿರುವಾಗ ಆಕಾಶವಾಣಿಯಲ್ಲಿ ಸಂಸ್ಕೃತ ವಾರ್ತೆ. ಅದೂ ೧೯೭೪ರಲ್ಲಿ ಹೊಸದಾಗಿ ಮೊದಲಾಗಿದ್ದಿತು. ಆ ಐದು ನಿಮಿಷ ಮನೆಯಲ್ಲಿ ಯಾರೂ ಕೆಮ್ಮತಕ್ಕದ್ದಲ್ಲ. ಆದರೆ ವಾರ್ತೆಗೂ ಮುಂಚೆ, ಕತ್ತಲಿರುವಾಗಲೇ, ಬೀದಿಯ ಕೊನೆಯಿಂದ ಬೇರೊಂದು ಸದ್ದು ಕೇಳಿಬರುತ್ತಿದ್ದಿತು. ಲೋಡು ತಿರುಗಿಸಿ ನೆಲಕ್ಕಿಳಿಸುವ ಧಪ್ ಧಪ್ ಎಂಬ ಸದ್ದು, ಬಸ್ಕಿ ಹೊಡೆಯುವ ಹುಡುಗರು ಒಟ್ಟಾಗಿ ಉಸಿರು ಬಿಡುವ ಸದ್ದು. ಹಾಸಿಗೆಯಲ್ಲಿ ಮಲಗಿ ನಾನು ಆ ಬಸ್ಕಿಗಳನ್ನು ಎಣಿಸುತ್ತಿದ್ದೆನು; ಇನ್ನೂರರ ಸುಮಾರಿಗೆ ನಿದ್ರೆ ಬಂದುಬಿಡುತ್ತಿದ್ದಿತು.

ಹಾಲು ತರುವುದು ನನ್ನ ಕೆಲಸ. ಹಾಲಿನವನ ಕೊಟ್ಟಿಗೆಗೂ ಗರಡಿಗೂ ನಡುವೆ ಒಂದೇ ಗೋಡೆ. ಅವನ ಮಕ್ಕಳಿಬ್ಬರೂ ಗರಡಿಯವರು. ಹಿತ್ತಾಳೆಯ ಚೊಂಬನ್ನು ಹಿಡಿದುಕೊಂಡು ನಾನು ಗರಡಿಯ ಬಾಗಿಲಲ್ಲಿ ನಿಂತು ಇಣುಕುತ್ತಿದ್ದೆನು. ಬಾಗಿಲೆಂದರೆ ಎದೆಮಟ್ಟಕ್ಕೆ ಬರುವ ಕಿರುಬಾಗಿಲು. ಬಗ್ಗದೆ ಒಳಗೆ ಹೋಗುವಂತಿಲ್ಲ. ಮೈಸೂರಿನ ಗರಡಿಗಳೆಲ್ಲ ಬಹುಮಟ್ಟಿಗೆ ಹೀಗೆಯೇ. ಎಷ್ಟೇ ದೊಡ್ಡ ಪೈಲ್ವಾನನಾದರೂ ಹನುಮಂತನಿಗೂ ಮಣ್ಣಿಗೂ ತಲೆ ಬಾಗಿಯೇ ಒಳಹೊಗಬೇಕೆಂದು ಹಿರಿಯರು ಕಾರಣ ಹೇಳುವರು. ಚಳಿಗಾಳಿ ಒಳಗೆ ನುಗ್ಗದಿರಲೆಂದು ಬಾಗಿಲನ್ನು ಕಿರಿದು ಮಾಡಿದರೆಂಬುದು ನನ್ನ ಊಹೆ. ಎರಡೂ ನಿಜವಾಗಿರಬಹುದು.

ಒಂದು ದಿನ ಒಳಗಿನಿಂದ ಧ್ವನಿ ಬಂದಿತು: “ಶಾಸ್ತ್ರಿಗಳ ಮಗನಲ್ಲವೇನಪ್ಪ? ಹಾಲು ತಣ್ಣಗಾಗುತ್ತೆ. ಒಳಗೆ ಬಾ, ಇಲ್ಲ ಮನೆಗೆ ಹೋಗು. ಬಾಗಿಲಲ್ಲಿ ನಿಂತರೆ ಬೆಳಕಿಗೆ ಅಡ್ಡ.” ಮಾತನಾಡಿದವರು ಉಸ್ತಾದರು. ನಾನು ಮನೆಗೆ ಹೋಗಲಿಲ್ಲ.

ಉಸ್ತಾದರಿಗೆ ಆಗ ಐವತ್ತರ ಆಸುಪಾಸು. ಎತ್ತರವಾದ ಆಳಲ್ಲ, ಆದರೆ ಕತ್ತು ಎಲ್ಲಿ ಮುಗಿದು ಹೆಗಲು ಎಲ್ಲಿ ಮೊದಲಾಗುವುದೆಂದು ಹೇಳುವುದು ಕಷ್ಟವಾಗಿದ್ದಿತು. ಅವರು ಮುಸಲ್ಮಾನರು. ಶನಿವಾರ ಹನುಮಂತನ ಮೂರ್ತಿಗೆ ಎಣ್ಣೆ ಹಚ್ಚಿ ಕಾಯಿ ಒಡೆಯುವ ಕೆಲಸ ಹಾಲಿನವನದು. ಕಾಯಿಚೂರನ್ನು ಎಲ್ಲರಿಗೂ ಸಮನಾಗಿ ಹಂಚುವ ಕೆಲಸ ಉಸ್ತಾದರದು. ಟಾಂಗಾ ಹೊಡೆಯುವವನ ಮಗ, ಹೂವಾಡಿಗರ ಹುಡುಗ, ಮಡಿವಾಳರ ಹುಡುಗರು, ಬಡಗಿಯ ತಮ್ಮ, ಇವರೆಲ್ಲರ ನಡುವೆ ಜನಿವಾರವನ್ನು ಸೊಂಟಕ್ಕೆ ಸುತ್ತಿಕೊಂಡ ನಾನು. ಇದರಲ್ಲಿ ಸೋಜಿಗವೇನೂ ಇದ್ದಂತೆ ಆಗ ಯಾರಿಗೂ ತೋರಲಿಲ್ಲ. ಮಣ್ಣು ಮೆತ್ತಿಕೊಂಡ ಮೇಲೆ ಎಲ್ಲರೂ ಒಂದೇ ಬಣ್ಣವಾಗಿಬಿಡುತ್ತಿದ್ದೆವು. ಯಾರ ಕೈ ಯಾರ ಕೊರಳಲ್ಲಿದೆಯೆಂದು ನೋಡುವುದಕ್ಕೇ ಪುರುಸೊತ್ತಿರುತ್ತಿರಲಿಲ್ಲ.

ಆ ಮಣ್ಣಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳದಿದ್ದರೆ ಗರಡಿಯ ವಿಷಯವನ್ನೇ ಹೇಳಿದಂತಾಗದು. ಮಟ್ಟಿಗೆ ಹಾಕುವ ಮಣ್ಣು ಬರಿಯ ಮಣ್ಣಲ್ಲ. ಕೆಮ್ಮಣ್ಣನ್ನು ತಂದು, ಕಲ್ಲು ಬೇರುಗಳನ್ನಾಯ್ದು, ಜರಡಿ ಹಿಡಿಯಬೇಕು. ಅದಕ್ಕೆ ಎಳ್ಳೆಣ್ಣೆ, ಮಜ್ಜಿಗೆ, ಅರಿಸಿನದ ಪುಡಿ, ನಿಂಬೆಹಣ್ಣಿನ ರಸ, ಕರ್ಪೂರ, ಕುಂಕುಮ, ಇಷ್ಟನ್ನೂ ಬೆರೆಸಿ, ಕಾಲಿನಿಂದ ತುಳಿದು ಹದಮಾಡಬೇಕು. ಎಣ್ಣೆಯೂ ಮಜ್ಜಿಗೆಯೂ ಇರುವುದರಿಂದ ಮಣ್ಣು ಒಣಗಿ ಧೂಳಾಗಿ ಕಣ್ಣಿಗೆ ಹಾರುವುದಿಲ್ಲ. ಅರಿಸಿನವಿರುವುದರಿಂದ ತರಚುಗಾಯಗಳು ಕೀಯುವುದು ಕಡಿಮೆ. ಪ್ರತಿದಿನವೂ ಕುಸ್ತಿಗೆ ಮುಂಚೆ ಗುದ್ದಲಿಯಿಂದ ಮಟ್ಟಿಯನ್ನು ಅಗೆದು ಮಗುಚಿ ಸಡಿಲ ಮಾಡಬೇಕು. ಇಲ್ಲದಿದ್ದರೆ ಬಿದ್ದವನ ಎಲುಬು ಉಳಿಯುವುದಿಲ್ಲ. ಈ ಅಗೆಯುವುದೇ ಮೊದಲನೆಯ ವ್ಯಾಯಾಮ. ಹೊಸದಾಗಿ ಬಂದ ಹುಡುಗನಿಗೆ ಮೊದಲ ಮೂರು ತಿಂಗಳು ಉಸ್ತಾದರು ಬೇರೆ ಯಾವ ವಿದ್ಯೆಯನ್ನೂ ಹೇಳುತ್ತಿರಲಿಲ್ಲ. “ಅಗಿ” ಎಂಬುದೊಂದೇ ಮಾತು. ನಮ್ಮ ತಂದೆಯವರು ಶಿಷ್ಯರಿಗೆ ಮೊದಲ ವರ್ಷ ರೂಪಗಳನ್ನು ಉರುಹೊಡೆಯಿಸುವುದಲ್ಲದೆ ಮತ್ತೇನನ್ನೂ ಹೇಳುತ್ತಿರಲಿಲ್ಲ. ಈ ಸಾಮ್ಯವು ನನಗೆ ಹೊಳೆದದ್ದು ನಾನೇ ಮೇಷ್ಟ್ರಾದ ಮೇಲೆ.

ಹದವಾದ ಆ ಮಣ್ಣಿನ ವಾಸನೆಯನ್ನು ವರ್ಣಿಸುವುದು ನನ್ನ ಶಕ್ತಿಗೆ ಮೀರಿದ್ದು. ಮಳೆ ಬಿದ್ದ ನೆಲ, ಉಪ್ಪಿನಕಾಯಿಯ ಜಾಡಿ, ದೇವರ ಮನೆ, ಈ ಮೂರನ್ನೂ ಒಂದುಗೂಡಿಸಿದಂತೆ ಎಂದರೆ ಅದರ ಸಮೀಪಕ್ಕೆ ಬಂದೀತು.

ಆ ವಾಸನೆಯೇ ನನ್ನನ್ನು ಹಿಡಿದುಕೊಟ್ಟಿತು. ಹಾಲು ತರುವುದು ದಿನದಿನಕ್ಕೆ ತಡವಾಗುತ್ತ ಬಂದು, ಒಂದು ಬೆಳಗ್ಗೆ ಸಂಧ್ಯಾವಂದನೆಗೆ ಕುಳಿತಾಗ ತಂದೆಯವರು ನನ್ನ ಕಿವಿಯನ್ನು ಹಿಡಿದರು. ಹಿಂಡುವುದಕ್ಕಲ್ಲ, ನೋಡುವುದಕ್ಕೆ. ಕಿವಿಯ ಹಿಂದೆ ಕೆಮ್ಮಣ್ಣು ಇದ್ದಿತು. ಅಮ್ಮ ಅಡಿಗೆಯ ಮನೆಯ ಬಾಗಿಲಲ್ಲಿ ಸೌಟು ಹಿಡಿದವರು ಹಿಡಿದಂತೆಯೇ ನಿಂತರು. ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಿನ ಭಯವನ್ನುಂಟುಮಾಡಿತು.

ಸಂಜೆ ಅವರು ಒಂದು ದಪ್ಪ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, “ನಡೆ, ನಿನ್ನ ಗುರುಗಳನ್ನು ತೋರಿಸು” ಎಂದರು. ಗರಡಿಯ ಬಾಗಿಲಲ್ಲಿ ಶಾಲನ್ನು ಸರಿಮಾಡಿಕೊಂಡು, ಬಗ್ಗಿ ಒಳಹೊಕ್ಕರು. ಹುಡುಗರೆಲ್ಲ ತಬ್ಬಿಬ್ಬಾದರು. ಉಸ್ತಾದರು ಎದ್ದು ನಿಂತು, ಚಾಪೆಯನ್ನು ಕೊಡವಿ ಹಾಸಿದರು.

ಆ ಪುಸ್ತಕವು ‘ಮಾನಸೋಲ್ಲಾಸ’. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ದೊಡ್ಡ ಸಂಸ್ಕೃತ ಗ್ರಂಥವದು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ಅಡಿಗೆಯಿಂದ ಆನೆಯವರೆಗೆ ಅದರಲ್ಲಿಲ್ಲದ ವಿಷಯವಿಲ್ಲ. ಭೂಲೋಕಮಲ್ಲನೆಂಬ ಬಿರುದುಳ್ಳ ಆ ಅರಸು ಮಲ್ಲವಿನೋದಕ್ಕೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರ, ವ್ಯಾಯಾಮ, ಪಟ್ಟುಗಳನ್ನೆಲ್ಲ ಹೇಳಿದ್ದಾನೆ. ನಮ್ಮ ಮೈಸೂರಿನ ಜೆಟ್ಟಿಗಳ ಹೆಸರು ಈ ಜ್ಯೇಷ್ಠ ಶಬ್ದದಿಂದಲೇ ಬಂದುದೆಂದು ಬಲ್ಲವರು ಹೇಳುವರು. ವಿಜಯದಶಮಿಯ ಬೆಳಗ್ಗೆ ಅರಮನೆಯೊಳಗೆ ವಜ್ರಮುಷ್ಟಿಯನ್ನು ಕೈಗೆ ತೊಟ್ಟು, ತಲೆ ಬೋಳಿಸಿಕೊಂಡು ಕಾದುವವರು ಅವರೇ. ಎದುರಾಳಿಯ ನೆತ್ತರು ಕಾಣಿಸಿದೊಡನೆ ಆ ಕಾಳಗ ಮುಗಿಯಿತು. ಅದು ಅರಮನೆಯ ವಿಧಿ. ಗರಡಿಯ ಕುಸ್ತಿ ಬೇರೆ, ಊರಿನ ಆಟ.

ನಮ್ಮ ತಂದೆಯವರ ಸಂಕಟವೇನೆಂದರೆ, ಆ ಅಧ್ಯಾಯದ ಪಟ್ಟುಗಳ ಹೆಸರುಗಳಿಗೆ ವ್ಯುತ್ಪತ್ತಿಯನ್ನು ಅವರು ಹೇಳಬಲ್ಲರು, ಆದರೆ ಯಾವ ಕೈ ಎಲ್ಲಿರುತ್ತದೆಯೆಂಬುದು ಅವರಿಗೆ ತಿಳಿಯದು. ಎಷ್ಟೋ ವರ್ಷಗಳಿಂದ ಅದು ಅವರನ್ನು ಬಾಧಿಸುತ್ತಿದ್ದಿತಂತೆ. ಅವರು ಒಂದೊಂದು ಶ್ಲೋಕವನ್ನೂ ಓದಿ ಕನ್ನಡದಲ್ಲಿ ಅರ್ಥ ಹೇಳುವುದು, ಉಸ್ತಾದರು ಕಣ್ಣು ಮುಚ್ಚಿ ಕೇಳಿ, ಹಾಲಿನವನ ಮಕ್ಕಳಿಬ್ಬರನ್ನು ಮಟ್ಟಿಗಿಳಿಸಿ, “ಹೀಗೋ, ಹೀಗೋ?” ಎಂದು ಕೈಕಾಲು ತಿರುಗಿಸಿ ತೋರಿಸುವುದು. ಉಸ್ತಾದರಿಗೆ ಅಕ್ಷರ ಬಾರದು. ಒಂದು ಕಡೆ ಅವರು ತಲೆಯಲ್ಲಾಡಿಸಿ, “ಶಾಸ್ತ್ರಿಗಳೇ, ಇಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಹೀಗೆ ಹಿಡಿದರೆ ಹಿಡಿದವನೇ ಬೀಳುತ್ತಾನೆ” ಎಂದರು. ತಂದೆಯವರು ಮನೆಗೆ ಬಂದು ಮತ್ತೆ ನೋಡಿದರೆ, ಅವರೇ ಒಂದು ಅರ್ಧಶ್ಲೋಕವನ್ನು ಹಾರಿಸಿ ಓದಿದ್ದರು. ಆ ರಾತ್ರಿ ಅವರು ಊಟ ಮಾಡುತ್ತ ಮಾಡುತ್ತ ನಕ್ಕದ್ದನ್ನು ನಾನು ಕಂಡಿದ್ದೇನೆ. ಅಂಥದ್ದನ್ನು ಹೆಚ್ಚು ಸಲ ಕಂಡಿಲ್ಲ.

ಅಂದಿನಿಂದ ತಿಂಗಳಿಗೆ ಒಂದೆರಡು ಸಂಜೆ ಅವರಿಬ್ಬರೂ ನಮ್ಮ ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿದ್ದಿತು. ಮೈಸೂರಿನಲ್ಲಿಯೇ ಹುಟ್ಟಿದ ಚಂದ್ರಶೇಖರರು ಬಾಲ್ಯದಲ್ಲಿ ಪೋಲಿಯೋ ತಗುಲಿ ಕೃಶವಾದ ಬಲಗೈಯಿಂದಲೇ ಚೆಂಡೆಸೆದು, ೧೯೭೧ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ಆರು ಮಂದಿಯನ್ನು ಮೂವತ್ತೆಂಟು ಓಟಗಳಿಗೆ ಉರುಳಿಸಿದ ವಿಷಯವು ಉಸ್ತಾದರಿಗೆ ಬಹಳ ಮೆಚ್ಚಿಕೆ. ಕ್ರಿಕೆಟ್ಟನ್ನು ಅವರು ಆಟವೆಂದೇ ಗಣಿಸುತ್ತಿರಲಿಲ್ಲ. “ಬಿಸಿಲಿನಲ್ಲಿ ನಿಲ್ಲುವ ಕೆಲಸ” ಎನ್ನುತ್ತಿದ್ದರು. ಆದರೆ ಆ ಕೈಯ ಕಥೆಯನ್ನು ಮಾತ್ರ ಬಸ್ಕಿಗೆ ಅಳುವ ಹುಡುಗರಿಗೆಲ್ಲ ಹೇಳುತ್ತಿದ್ದರು. ೧೯೮೩ರ ಜೂನ್ ೨೫ರ ರಾತ್ರಿ, ವಿಶ್ವಕಪ್ಪಿನ ಕೊನೆಯ ಪಂದ್ಯದ ವರದಿಗಾಗಿ ಬೀದಿಯೆಲ್ಲ ನಮ್ಮ ರೇಡಿಯೋ ಮುಂದೆ ನೆರೆದಾಗ, ಅವರೂ ಬಂದು ಕಂಬಕ್ಕೊರಗಿ ಕುಳಿತರು. ಬಿನ್ನಿ, ಕಿರ್ಮಾನಿ ಇಬ್ಬರೂ ಕರ್ನಾಟಕದವರೆಂದು ತಿಳಿದ ಮೇಲೆ, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಅವರೇ.

ನನ್ನ ಸ್ವಂತ ಪರಾಕ್ರಮದ ವಿಷಯವನ್ನು ಬೇಗನೆ ಮುಗಿಸುವುದು ಒಳ್ಳೆಯದು. ೧೯೭೭ರಲ್ಲಿ, ದಸರೆಗೆ ಮುಂಚಿನ ಒಂದು ಭಾನುವಾರ, ಊರಿನ ಮೈದಾನವೊಂದರಲ್ಲಿ ಚಿಕ್ಕ ಹುಡುಗರ ಜೋಡಿಗಳನ್ನು ಕಟ್ಟಿದರು. ಜೋಡಿ ಕಟ್ಟುವುದೆಂದರೆ ಹಿರಿಯ ಉಸ್ತಾದರು ಹುಡುಗರ ಮುಂಗೈ ಹಿಡಿದು, ಹೆಗಲು ಒತ್ತಿ, ತೊಡೆ ತಟ್ಟಿ, ಸಮಬಲರಾದ ಇಬ್ಬರನ್ನು ಎದುರುಬದುರು ನಿಲ್ಲಿಸುವುದು. ಅಲ್ಲಿ ತಕ್ಕಡಿಯಿರಲಿಲ್ಲ, ಕಣ್ಣೇ ತಕ್ಕಡಿ. ನನಗೆ ಜೋಡಿಯಾದವನು ನಂಜನಗೂಡಿನ ಹುಡುಗ. ಕೈ ಮಿಲಾಯಿಸಿದೆವು, ಮಣ್ಣನ್ನು ಹಣೆಗೊತ್ತಿಕೊಂಡೆವು. ಆಮೇಲೆ ನನಗೆ ನೆನಪಿರುವುದು ಆಕಾಶ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿ ಮುಖ ಮುಗಿಲಿಗಾದರೆ ಚಿತ್, ಅಷ್ಟಕ್ಕೆ ತೀರಿತು. ಸೋತವನಿಗೂ ಒಂದು ನಿಂಬೆಹಣ್ಣು, ಒಂದು ಅಂಗವಸ್ತ್ರ ಕೊಟ್ಟರು. ಈಗ ಆ ನಂಜನಗೂಡೇ ನನ್ನ ವಾಸಸ್ಥಾನವಾಗಿದೆ. ನನ್ನ ವಯಸ್ಸಿನವರ ಕಿವಿಗಳು ಜಜ್ಜಿ ದಪ್ಪನಾಗಿರುವುದನ್ನು ಸಂತೆಯಲ್ಲಿ ಕಂಡಾಗಲೆಲ್ಲ, ಇವನೇ ಅವನಿರಬಹುದೇ ಎಂದು ಎರಡು ಹೆಜ್ಜೆ ದೂರ ಸರಿಯುತ್ತೇನೆ.

ಪಾಠಶಾಲೆಯ ಓದು ಹೆಚ್ಚಿದಂತೆ ಗರಡಿಯು ತಪ್ಪಿತು. ಉಸ್ತಾದರಾಗಲಿ ತಂದೆಯವರಾಗಲಿ ಬಿಡೆಂದು ಹೇಳಲಿಲ್ಲ, ತಾನಾಗಿಯೇ ಬಿಟ್ಟುಹೋಯಿತು. ತಂದೆಯವರು ೧೯೯೨ರಲ್ಲಿ ಕಾಲವಾದರು. ಮಾವಿನ ಸೌದೆಯನ್ನು ಒಡೆದು ಕೊಟ್ಟವರು ಗರಡಿಯ ಹುಡುಗರು.

ಇನ್ನು ನಾನು ಆ ಬೀದಿಗೆ ಮುಖ ತೋರದೆ ಉಳಿದ ಕಾರಣ. ೧೯೯೬ರಲ್ಲಿ ನನಗೆ ಮೈಸೂರಿನ ಒಂದು ಪ್ರೌಢಶಾಲೆಗೆ ವರ್ಗವಾಯಿತು. ಎರಡು ವರ್ಷಗಳ ತರುವಾಯ ನನ್ನ ಹತ್ತನೆಯ ತರಗತಿಯಲ್ಲಿ ಉಸ್ತಾದರ ಮೊಮ್ಮಗನಿದ್ದನು. ಹದಿನಾರು ವರ್ಷದ ಹುಡುಗ. ಅಂಥ ಅಂಗಸೌಷ್ಠವವನ್ನು ನಾನು ಮತ್ತೆ ಕಂಡಿಲ್ಲ. ಉಸ್ತಾದರು ಎಪ್ಪತ್ತು ದಾಟಿದ್ದರು. ಗರಡಿಯನ್ನು ಮುಂದೆ ಅವನೇ ನಡೆಯಿಸುವನೆಂದು ಬೀದಿಗೆಲ್ಲ ತಿಳಿದಿದ್ದಿತು. ಆದರೆ ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ಹುಡುಗನಿಗೆ ಹತ್ತು ಹನ್ನೆರಡು ಅಂಕಗಳು ಬರುತ್ತಿದ್ದುವು. ಬೆಳಗಿನ ಮೊದಲ ಪಾಠದಲ್ಲಿ ಅವನು ತೂಕಡಿಸುತ್ತಿದ್ದನು. ನಾಲ್ಕು ಘಂಟೆಗೆ ಎದ್ದು ಸಾಮು ಮಾಡಿ ಬಂದವನು ತೂಕಡಿಸದೆ ಏನು ಮಾಡಿಯಾನು? ಆ ವರ್ಷ ತರಗತಿಯ ಹೊಣೆ ನನ್ನದು. ಫಲಿತಾಂಶದ ಶೇಕಡಾವಾರು ಲೆಕ್ಕವೂ ನನ್ನದು. ಆ ಲೆಕ್ಕವು ನನ್ನ ಮನಸ್ಸಿನಲ್ಲಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಜನವರಿ ತಿಂಗಳ ಒಂದು ಸಂಜೆ ನಾನು ಗರಡಿಗೆ ಹೋದೆನು. ಒಳಗೆ ಹೋಗಲಿಲ್ಲ. ಷರಾಯಿಗೆ ಮಣ್ಣಾಗುವುದೆಂದೋ, ಹೊತ್ತಾಯಿತೆಂದೋ, ಬಾಗಿಲಾಚೆಯೇ ನಿಂತು, ಉಸ್ತಾದರನ್ನು ಹೊರಕ್ಕೆ ಕರೆಯಿಸಿ ಮಾತನಾಡಿದೆನು. “ಪರೀಕ್ಷೆ ಮುಗಿಯುವವರೆಗೆ ಹುಡುಗನನ್ನು ಗರಡಿ ಬಿಡಿಸಿ. ನಾಲ್ಕು ತಿಂಗಳು. ಅಷ್ಟರಲ್ಲಿ ಏನೂ ಮುಳುಗುವುದಿಲ್ಲ” ಎಂದೆನು. ಹಿರಿಯರು ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಮೇಷ್ಟ್ರು ಹೇಳಿದ ಮೇಲೆ ಆಯಿತು” ಎಂದರು. ಅವರ ಬಾಯಿಂದ ‘ಮೇಷ್ಟ್ರು’ ಎಂಬ ಮಾತು ನನ್ನನ್ನು ಕುರಿತು ಹೊರಟದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಶಾಸ್ತ್ರಿಗಳ ಮಗನಾಗಿದ್ದೆನು.

ಹುಡುಗನು ಕಷ್ಟಪಟ್ಟು ಓದಿ ತೇರ್ಗಡೆಯಾದನು. ಅದೇ ಬೇಸಗೆಯಲ್ಲಿ ಅವನ ತಂದೆಗೆ ಕಾಯಿಲೆಯಾಗಿ, ಮನೆಯ ಭಾರ ಬಿದ್ದು, ಅವನು ಆಟೋರಿಕ್ಷಾ ಹಿಡಿದನು. ನಾಲ್ಕು ತಿಂಗಳಿಗೆಂದು ಬಿಟ್ಟದ್ದು ಬಿಟ್ಟೇ ಹೋಯಿತು. ಗರಡಿ ತಪ್ಪದಿದ್ದರೂ ಆ ಕಾಯಿಲೆ ಬರುತ್ತಲೇ ಇದ್ದಿತೆಂದು ನನಗೆ ನಾನೇ ಹಲವು ಸಲ ಹೇಳಿಕೊಂಡಿದ್ದೇನೆ. ಜೂನ್ ತಿಂಗಳಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಉಸ್ತಾದರು ಸಿಕ್ಕಿದರು. ಕುಶಲ ಕೇಳಿದರು, ಅಮ್ಮನ ಮಂಡಿನೋವನ್ನು ವಿಚಾರಿಸಿದರು. ಹೊರಡುವಾಗ, ಸ್ವಲ್ಪವೂ ಕೋಪವಿಲ್ಲದೆ, “ಮೇಷ್ಟ್ರೇ, ನಿಮ್ಮ ತಂದೆಯವರು ನಿಮಗೆ ಹಾಗೆ ಹೇಳಲಿಲ್ಲವಲ್ಲ” ಎಂದರು. ನಾನು ಉತ್ತರ ಕೊಡಲಿಲ್ಲ. ಮರುವರ್ಷ ನನಗೆ ನಂಜನಗೂಡಿಗೆ ವರ್ಗವಾದಾಗ, ನಿಜ ಹೇಳುವುದಾದರೆ, ಸಮಾಧಾನವಾಯಿತು. ಉಸ್ತಾದರು ೨೦೦೩ರಲ್ಲಿ ತೀರಿಕೊಂಡರೆಂದು ಕೇಳಿದೆನು. ಹೋಗಲಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದರಲ್ಲಿ ರಸಬಾಳೆಯ ಚಿಪ್ಪನ್ನೂ ಹಿಡಿದು ಚಾಮರಾಜಪುರಂ ನಿಲ್ದಾಣದಲ್ಲಿ ಇಳಿದೆನು. ಹುಡುಗಿಯು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಕೇಳುತ್ತಿದ್ದಳು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಅವರು ಅಂತಿಮ ಕುಸ್ತಿಗೆ ಬಂದೂ ನೂರು ಗ್ರಾಂ ತೂಕ ಹೆಚ್ಚಾಯಿತೆಂದು ಹೊರಗುಳಿದ ಸಂಗತಿ ಅವಳನ್ನು ಇನ್ನೂ ಬಿಟ್ಟಿಲ್ಲ. “ನೂರು ಗ್ರಾಂ ಅಂದರೆ ಎಷ್ಟು ತಾತ? ಒಂದು ಹಿಡಿಯೇ?” ಕಣ್ಣಿನಿಂದಲೇ ಜೋಡಿ ಕಟ್ಟುತ್ತಿದ್ದ ಮುದುಕರ ಕಥೆಯನ್ನು ನಾನು ಹೇಳಿದೆನು. “ಅದೇ ವಾಸಿ” ಎಂದಳು. ಅದು ವಾಸಿಯಲ್ಲವೆಂದು ನನಗೆ ಗೊತ್ತು. ಆ ಕಣ್ಣುಗಳೂ ಎಷ್ಟೋ ಸಲ ತಪ್ಪುತ್ತಿದ್ದುವು, ನಂಜನಗೂಡಿನ ಹುಡುಗನೇ ಸಾಕ್ಷಿ. ಆದರೂ ಸುಮ್ಮನಿದ್ದೆನು.

ಬೀದಿಯನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ನಮ್ಮ ಮನೆಯ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ. ಬಿಂದಿಗೆಗಳ ಸಾಲು ನಿಲ್ಲುತ್ತಿದ್ದ ಮೂಲೆಯ ನಲ್ಲಿ ಇಲ್ಲ. ಕೊಟ್ಟಿಗೆಯೂ ಇಲ್ಲ, ಅಲ್ಲಿ ಮೋಟಾರು ಸೈಕಲ್ಲುಗಳನ್ನು ಸರಿಮಾಡುತ್ತಾರೆ. ಆಷಾಢದಲ್ಲಿ ಗಾಳಿಪಟ, ಆಮೇಲೆ ಬುಗುರಿ, ಅದಾದ ಮೇಲೆ ಚಿನ್ನಿದಾಂಡು ಎಂದು ಪಂಚಾಂಗವಿಲ್ಲದೆಯೇ ಋತುಗಳನ್ನು ಅರಿಯುತ್ತಿದ್ದ ಬೀದಿಯಲ್ಲಿ, ದಸರೆಯ ರಜೆಯಾದರೂ, ಒಂದು ಹುಡುಗನೂ ಕಾಣಲಿಲ್ಲ. ಗರಡಿ ಮಾತ್ರ ಇದ್ದಿತು. ಹೆಂಚುಗಳು ಒಂದು ಕಡೆಗೆ ಕುಸಿದು ತಗಡು ಮುಚ್ಚಿದ್ದರು. ಬಾಗಿಲು ಅದೇ.

ಎದುರಿಗೆ ಆಟೋ ನಿಲ್ಲಿಸಿಕೊಂಡಿದ್ದವನು ನನ್ನನ್ನು ನೋಡಿದನು. ನಾನು ಅವನನ್ನು ನೋಡಿದೆನು. ನಲವತ್ತು ದಾಟಿದ ಮನುಷ್ಯ. ಹೊಟ್ಟೆ ಬಂದಿದೆ, ಗಡ್ಡ ನರೆತಿದೆ, ಆದರೆ ಕತ್ತು ಮುಗಿದು ಹೆಗಲು ಮೊದಲಾಗುವ ಸ್ಥಳವು ತಿಳಿಯದು. “ಮೇಷ್ಟ್ರು!” ಎಂದು ಇಳಿದು ಬಂದು ಕಾಲು ಮುಟ್ಟಿದನು. ರಸಬಾಳೆಯನ್ನು ಅವನ ಕೈಗಿತ್ತು, ಏನು ಹೇಳಬೇಕೆಂದು ಇಪ್ಪತ್ತೇಳು ವರ್ಷ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಹುಡುಕಿದೆನು, ಒಂದೂ ಸಿಕ್ಕಲಿಲ್ಲ. “ಅಂದು ನಾನು ಹಾಗೆ ಹೇಳಬಾರದಾಗಿತ್ತಪ್ಪ” ಎಂದಷ್ಟೇ ಎಂದೆನು. ಯಾವ ಅಂದು ಎಂದು ಅವನು ಕೇಳಲಿಲ್ಲ.

“ಆ ವರ್ಷ ಗಣಿತದಲ್ಲಿ ಪಾಸಾದೆನಲ್ಲ ಸಾರ್, ಮೂವತ್ತೆಂಟು” ಎಂದು ನಕ್ಕನು. ಬೀಗ ತೆಗೆಯುತ್ತ, ಬೆನ್ನು ಈ ಕಡೆಗಿರುವಾಗ, “ತಾತ ಮಾತ್ರ ಆಮೇಲೆ ನನ್ನ ಕೈಗೆ ಗುದ್ದಲಿ ಕೊಡಲಿಲ್ಲ. ಕೇಳಿದರೆ, ನೀನು ದಣಿದು ಬಂದಿದ್ದೀಯ, ಕೂತ್ಕೊ ಅನ್ನೋರು” ಎಂದನು.

ಇದಕ್ಕೂ ನಾನು ಉತ್ತರ ಕೊಡಲಾರದೆ ಹೋದೆನು.

ಬಾಗಿಲು ತೆರೆಯಿತು. ಅವನು ಹುಡುಗಿಯ ಕಡೆಗೆ ನೋಡಿ ಸ್ವಲ್ಪ ಅನುಮಾನಿಸಿದನು. ಗರಡಿಯೊಳಗೆ ಹೆಂಗಸರು ಕಾಲಿಡುವ ವಾಡಿಕೆ ಹಿಂದೆ ಇರಲಿಲ್ಲ. ನಮ್ಮ ಅಮ್ಮ ಐವತ್ತು ವರ್ಷ ಅದೇ ಬೀದಿಯಲ್ಲಿದ್ದೂ ಒಳಗೇನಿದೆಯೆಂದು ಕಂಡವರಲ್ಲ. “ತಾತ ಇದ್ದಿದ್ದರೆ ಏನನ್ನುತ್ತಿದ್ದರೋ” ಎಂದು ತಲೆ ಕೆರೆದುಕೊಂಡು, “ಈಗ ದಸರಾ ಕಿಶೋರಿ ಅಂತ ಹೆಣ್ಣುಮಕ್ಕಳಿಗೇ ಬಿರುದು ಕೊಡ್ತಾರೆ. ಬಾಮ್ಮ, ತಲೆ ಬಗ್ಗಿಸಿ ಬಾ” ಎಂದನು. ಅವಳಿಗೆ ತಲೆ ಬಗ್ಗಿಸುವ ಅವಶ್ಯಕತೆಯೇ ಇರಲಿಲ್ಲ. ನೆಟ್ಟಗೆ ನಡೆದು ಒಳಹೊಕ್ಕಳು. ಬಗ್ಗಿ ಹೊಸ್ತಿಲು ದಾಟುವಾಗ ಸೊಂಟ ಹಿಡಿದದ್ದು ನನಗೆ.

ಹನುಮಂತನ ಮುಂದೆ ದೀಪವಿದ್ದಿತು. ಎಣ್ಣೆ ಹಚ್ಚುವವರು ಯಾರೆಂದು ಕೇಳಿದೆನು. ಹಾಲಿನವನ ಮಕ್ಕಳು ಊರು ಬಿಟ್ಟಮೇಲೆ ತಾನೇ ಹಚ್ಚುವೆನೆಂದನು. ಬೆಳಗ್ಗೆ ನಾಲ್ಕು ಹುಡುಗರು ಬರುತ್ತಾರಂತೆ. ಅವರಲ್ಲಿ ಇಬ್ಬರು ಮೈ ತೋರಿಸಿ ಚಿತ್ರ ತೆಗೆದುಕೊಳ್ಳುವುದಕ್ಕೆ, ಇಬ್ಬರು ಕುಸ್ತಿಗೆ. ಕುಸ್ತಿಯವರೂ ಈಗ ಹೊರಗೆ ಮ್ಯಾಟಿನ ಮೇಲೆ ಪಾಯಿಂಟ್ ಕುಸ್ತಿಯನ್ನು ಕಲಿಯಬೇಕು. ದೊಡ್ಡ ಪಂದ್ಯಗಳಿಗೆ ಅದೇ ದಾರಿ. ನಾಡಕುಸ್ತಿಯು ದಸರೆಯಲ್ಲಿ, ಜಾತ್ರೆಗಳಲ್ಲಿ ಉಳಿದಿದೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರಾ ಕುಸ್ತಿ ನಡೆಯುವಾಗ ಇವನು ಆಟೋ ನಿಲ್ಲಿಸಿ ಎಲ್ಲ ದಿನವೂ ನೋಡುತ್ತಾನಂತೆ. ತಾನು ಮಾತ್ರ ಮತ್ತೆ ಮಟ್ಟಿಗಿಳಿಯಲಿಲ್ಲ.

ಮಟ್ಟಿಯ ಮಣ್ಣು ಒಣಗಿ ಗಟ್ಟಿಯಾಗಿದ್ದಿತು. ಗೋಡೆಗೆ ಒರಗಿದ್ದ ಗುದ್ದಲಿಯನ್ನು ನಾನು ಎತ್ತಿಕೊಂಡೆನು. “ಬೇಡಿ ಸಾರ್” ಎಂದನು. ಬೇಡವೆಂಬುದು ನನಗೂ ಗೊತ್ತಿದ್ದಿತು. ಹತ್ತು ಏಟುಗಳನ್ನು ಹಾಕುವುದರೊಳಗೆ ಉಸಿರು ಸಿಕ್ಕಿಕೊಂಡಿತು. ಅವನು ನನ್ನ ಕೈಯಿಂದ ಗುದ್ದಲಿಯನ್ನು ತೆಗೆದುಕೊಂಡು ಒಂದು ಗಳಿಗೆ ಹಿಡಿಯನ್ನು ನೋಡುತ್ತ ನಿಂತು, ಷರ್ಟಿನ ತೋಳು ಮಡಿಸಿ, ಉಳಿದದ್ದನ್ನು ಅಗೆದನು. ಅರ್ಧ ಮಟ್ಟಿ ಸಡಿಲವಾಗುವವರೆಗೂ ಯಾರೂ ಮಾತನಾಡಲಿಲ್ಲ. ಹುಡುಗಿ ಅಂಚಿನಲ್ಲಿ ಕುಳಿತು ಕಲ್ಲುಗಳನ್ನು ಆಯ್ದು ಹೊರಕ್ಕೆ ಎಸೆಯುತ್ತಿದ್ದಳು. ಕೆಳಗಿನ ಮಣ್ಣು ಮೇಲಕ್ಕೆ ಬಂದಾಗ, ಬಹಳ ಸಣ್ಣಗೆ, ಆ ವಾಸನೆ ಬಂದಿತು.

“ಎಣ್ಣೆ ಕಡಿಮೆಯಾಗಿದೆ. ಬರುವ ಶನಿವಾರ ಹದ ಮಾಡಬೇಕು. ನಿಂಬೆಹಣ್ಣು ನೂರು ಬೇಕು, ಇಲ್ಲಿ ಬೆಲೆ ಜಾಸ್ತಿ” ಎಂದನು. ನಮ್ಮೂರ ಸಂತೆಯಿಂದ ತರುವೆನೆಂದೆನು. “ಅರಿಸಿನ ಕೊಂಬಾದರೆ ಒಳ್ಳೇದು ಸಾರ್, ಪುಡಿಯಲ್ಲಿ ಕಲಬೆರಕೆ” ಎಂದನು. ಅದನ್ನೂ ಒಪ್ಪಿಕೊಂಡೆನು.

ಮೂರೂವರೆಯ ಹೊತ್ತಿಗೆ ಅವನೇ ನಮ್ಮನ್ನು ನಿಲ್ದಾಣಕ್ಕೆ ಬಿಟ್ಟು, ಬಾಡಿಗೆ ತೆಗೆದುಕೊಳ್ಳದೆ ಹೊರಟುಹೋದನು. ರೈಲಿನಲ್ಲಿ ಕುಳಿತ ಮೇಲೆ ಮೊಮ್ಮಗಳು ಕೈವಸ್ತ್ರದ ಗಂಟನ್ನು ಬಿಚ್ಚಿ ತೋರಿಸಿದಳು. ನನಗೆ ಹೇಳದೆ ಒಂದು ಹಿಡಿ ಮಣ್ಣನ್ನು ಕಟ್ಟಿಕೊಂಡು ಬಂದಿದ್ದಳು. ನೂರು ಗ್ರಾಂ ಆಗುವುದೋ ಇಲ್ಲವೋ ನೋಡಬೇಕೆಂಬುದು ಅವಳ ಹಟ. ನಂಜನಗೂಡಿನಲ್ಲಿ ಇಳಿದು, ರಥಬೀದಿಯ ಕಿರಾಣಿ ಅಂಗಡಿಯವನನ್ನು ಬೇಡಿಕೊಂಡು, ತಕ್ಕಡಿಯ ಮೇಲೆ ಅದನ್ನಿಟ್ಟೆವು. ನೂರ ನಲವತ್ತು ಗ್ರಾಂ ಇದ್ದಿತು. ಮಿಕ್ಕ ನಲವತ್ತನ್ನು ಶನಿವಾರ ನಿಂಬೆಹಣ್ಣಿನ ಜೊತೆಗೆ ಹಿಂದಕ್ಕೆ ಒಯ್ಯಬೇಕೆಂದು ಅವಳ ತೀರ್ಮಾನ.